ನೆರಳಿಗೊಂದು ಸರ್ಕಾರಿ ಹುದ್ದೆ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ರೇಷ್ಮೆ ಮಾಡಿದವರಿಗೆ ಒಂದು ಕೋಣೆ ಎಷ್ಟು ಬೆಚ್ಚಗಿರಬೇಕು, ಎಷ್ಟು ತಂಪಾಗಿರಬೇಕು ಎಂಬ ಲೆಕ್ಕ ಬಾಯಿಪಾಠ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್, ಹಣ್ಣಾಗುವ ಹೊತ್ತಿನ ದೊಡ್ಡ ಹುಳುವಿಗೆ 23ರಿಂದ 25. ಗಾಳಿಯ ತೇವ ಶೇ 70ರ ಕೆಳಗೆ ಇಳಿಯಬಾರದು. ಅದಕ್ಕೆಂದೇ ಹುಳು ಸಾಕುವ ಮನೆಗೆ ಎತ್ತರದ ಸೂರು, ಎದುರುಬದುರು ಕಿಟಕಿ, ಮೇಲೆ ಗವಾಕ್ಷಿ, ಬಿಸಿಲು ಬೀಳುವ ಕಡೆ ಜಗುಲಿ. ಬೇಸಿಗೆ ಬಂದರೆ ಶೀಟಿನ ಮೇಲೆ ತೆಂಗಿನ ಗರಿ ಹರಡುತ್ತಾರೆ, ಕಿಟಕಿಗೆ ನೀರು ಚಿಮುಕಿಸಿದ ಗೋಣಿ ತಾಟು ಕಟ್ಟುತ್ತಾರೆ. ಮನೆ ಹೇಗಿರಬೇಕೆಂದು ಹೇಳಲು ರೇಷ್ಮೆ ಇಲಾಖೆಯ ಮಾರ್ಗದರ್ಶಿ ಇದೆ, ಬಂದು ನೋಡುವ ಅಧಿಕಾರಿ ಇದ್ದಾರೆ, ಸಹಾಯಧನವೂ ಇದೆ. ಅದೇ ಕುಟುಂಬಕ್ಕೆ ವಸತಿ ಯೋಜನೆಯಲ್ಲಿ ಮಂಜೂರಾದ ಮನೆಗೆ ಇದ್ಯಾವುದೂ ಇಲ್ಲ. ತಗ್ಗಾದ ತಾರಸಿ ಇಲ್ಲವೇ ಶೀಟು, ಪಶ್ಚಿಮಕ್ಕೆ ಬೋಳು ಗೋಡೆ, ಒಂದೇ ಬದಿಗೆ ಕಿಟಕಿ. ಏಪ್ರಿಲ್ ತಿಂಗಳ ರಾತ್ರಿ ಆ ಮನೆಯವರು ಹೊರಗೆ ಚಾಪೆ ಹಾಸಿ ಮಲಗುತ್ತಾರೆ. ತಿಳಿವಳಿಕೆಯ ಕೊರತೆ ಇದಕ್ಕೆ ಕಾರಣವೆನ್ನಲಾಗದು. ಹುಳುವಿನ ಮನೆ ಕಟ್ಟಿದ ಕೈಗಳೇ ಇದನ್ನೂ ಕಟ್ಟಿವೆ. ದುಡ್ಡಿನ ಕೊರತೆ ಪೂರ್ತಿ ಕಾರಣವಲ್ಲ. ಕಿಟಕಿಯನ್ನು ಯಾವ ಗೋಡೆಗೆ ಇಡಬೇಕು ಎಂಬುದಕ್ಕೆ ಹೆಚ್ಚಿನ ಖರ್ಚಿಲ್ಲ. ಮನುಷ್ಯರ ಮನೆಯ ಗಾಳಿ, ನೆರಳು, ಬಿಸಿಲು ಯಾರ ಜವಾಬ್ದಾರಿ ಎಂದು ಕೇಳಿದರೆ ತಾಲ್ಲೂಕಿನ ಯಾವ ಮೇಜೂ ತನ್ನದು ಎನ್ನುವುದಿಲ್ಲ. ಪರಿಸರಸ್ನೇಹಿ ವಾಸ್ತುಶಿಲ್ಪದ ಮಾತು ನಮ್ಮಲ್ಲಿ ಚೆಂದದ ಮನೆಗಳ ಫೋಟೊಗಳಲ್ಲೇ ನಿಂತಿರುವುದು ಇದರಿಂದ. ಈ ಮಾತಿಗೆ ಸಾಕ್ಷಿಯಾಗಿ ಒಬ್ಬ ವಾಸ್ತುಶಿಲ್ಪಿಯ ಇಡೀ ವೃತ್ತಿಜೀವನವೇ ಇದೆ. ಅದರ ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಮೈಸೂರು ಸಂಸ್ಥಾನದಲ್ಲಿ.

ಒಟ್ಟೊ ಕೋನಿಗ್ಸ್‌ಬರ್ಗರ್ ಹುಟ್ಟಿದ್ದು 1908ರಲ್ಲಿ, ಬರ್ಲಿನ್‌ನಲ್ಲಿ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರ ಸೋದರಮಾವ. 1933ರಲ್ಲಿ ಜರ್ಮನಿಯ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ ಪಡೆದರು. ಅದೇ ವರ್ಷ ಅಧಿಕಾರಕ್ಕೆ ಬಂದ ನಾಜಿಗಳು ಯಹೂದಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆದರು. ಈಜಿಪ್ಟ್, ಸ್ವಿಟ್ಜರ್ಲೆಂಡ್ ದಾಟಿ 1939ರಲ್ಲಿ ಬೆಂಗಳೂರಿಗೆ ಬಂದಾಗ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ನೇಮಿಸಿಕೊಂಡರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ, ಲೋಹಶಾಸ್ತ್ರ ವಿಭಾಗ, ವಿದ್ಯಾರ್ಥಿಗಳ ಊಟದ ಹಾಲ್, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಇವರು ಮಾಡಿದವು. ದಿವಾನರಿಗೆ ಗುಮ್ಮಟ, ಕಮಾನುಗಳ ಮೇಲೆ ಒಲವು. ಇವರಿಗೆ ಅಲಂಕಾರ ಕಡಿಮೆಯಾಗಿ ಗಾಳಿ ಚೆನ್ನಾಗಿ ಆಡಬೇಕೆಂಬ ಹಟ. ಇಬ್ಬರ ನಡುವೆ ಜಗ್ಗಾಟವಿತ್ತು. ಆದರೆ ಸಂಸ್ಥಾನವು ಕಟ್ಟಡದ ನಕ್ಷೆಗೆ ಉತ್ತರ ಹೇಳಬೇಕಾದ ಒಂದು ಸಾರ್ವಜನಿಕ ಹುದ್ದೆಯನ್ನು ಇಟ್ಟುಕೊಂಡಿತ್ತು ಎಂಬುದು ಆ ಜಗ್ಗಾಟಕ್ಕಿಂತ ದೊಡ್ಡ ಸಂಗತಿ. ಆ ಹುದ್ದೆಯ ಅಧಿಕಾರ ಯಳಂದೂರಿನವರೆಗೆ ಇತ್ತು, ಹನೂರು ಕಡೆಯ ಶಾಗ್ಯ ಎಂಬ ಹಳ್ಳಿಗೆ ಇರಲಿಲ್ಲ. ಯಳಂದೂರು ಮೈಸೂರಿನದು, ಶಾಗ್ಯವನ್ನು ಒಳಗೊಂಡ ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯ ಒಂದಾಯಿತು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, ಆಮೇಲೆ ಹನೂರು ತಾಲ್ಲೂಕೂ ಆಯಿತು. ವಾಸ್ತುಶಿಲ್ಪಿಯ ಹುದ್ದೆ ಮಾತ್ರ ಬೆಂಗಳೂರಿನ ಲೋಕೋಪಯೋಗಿ ಕಚೇರಿಯಿಂದ ಕೆಳಗೆ ಇಳಿಯಲಿಲ್ಲ.

ಕೋನಿಗ್ಸ್‌ಬರ್ಗರ್ ಬದುಕಿನಲ್ಲಿ ನಮಗೆ ಹೆಚ್ಚು ಕಲಿಸುವುದು ಅವರ ಸೋಲು. ಟಾಟಾದವರಿಗೆ ಜಮ್‌ಶೆಡ್‌ಪುರದ ಯೋಜನೆ, 1948ರಲ್ಲಿ ಭುವನೇಶ್ವರದ ಯೋಜನೆ ಮಾಡಿಕೊಟ್ಟ ಮೇಲೆ ಅವರು ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಿಂದ ಮನೆ ಕಳೆದುಕೊಂಡು ಬಂದ ಲಕ್ಷಾಂತರ ಜನಕ್ಕೆ ತಕ್ಷಣ ಸೂರು ಬೇಕಿತ್ತು. ಒಂದೊಂದೇ ಇಟ್ಟಿಗೆ ಇಟ್ಟು ಕಟ್ಟಿದರೆ ಎಷ್ಟು ವರ್ಷ ಬೇಕು? ಆದ್ದರಿಂದ ದೆಹಲಿಯಲ್ಲಿ ಮನೆಯ ಗೋಡೆಗಳನ್ನೇ ಹಲಗೆಗಳಂತೆ ಅಚ್ಚು ಹಾಕಿ ಸಾಗಿಸುವ ಸರ್ಕಾರಿ ಕಾರ್ಖಾನೆ ಎದ್ದಿತು. ಕಾಗದದ ಮೇಲೆ ಲೆಕ್ಕ ಸರಿಯಿತ್ತು. ಆದರೆ ಹಗುರ ಕಾಂಕ್ರೀಟಿನ ಆ ಹಲಗೆಗಳು ಸಾಗಣೆಯಲ್ಲೇ ಬಿರುಕುಬಿಟ್ಟವು, ಖರ್ಚು ಅಂದಾಜು ಮೀರಿತು, ಸಂಸತ್ತಿನಲ್ಲಿ ಪ್ರಶ್ನೆಗಳೆದ್ದವು. 1951ರಲ್ಲಿ ಅವರು ಭಾರತ ಬಿಟ್ಟು ಲಂಡನ್ ಸೇರಿದರು. ಆ ಕಾರ್ಖಾನೆ ಆಮೇಲೆ ಬೇರೆಯವರ ಕೈಯಲ್ಲಿ, ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಹೆಸರಿನಲ್ಲಿ ಬೇರೆ ಬೇರೆ ಸಾಮಾನು ಮಾಡಿಕೊಂಡು ಬದುಕಿತು. ನಕ್ಷೆ ಒಳ್ಳೆಯದಿದ್ದು, ಅಧಿಕಾರ ಕೈಯಲ್ಲಿದ್ದು, ಉದ್ದೇಶ ಶುದ್ಧವಿದ್ದೂ ಕೆಲಸ ಕೈಕೊಟ್ಟಿತು. ಕಟ್ಟುವವನನ್ನೂ ವಾಸಿಸುವವನನ್ನೂ ಹೊರಗಿಟ್ಟು ಮಧ್ಯದಲ್ಲೊಂದು ಯಂತ್ರ ತಂದದ್ದೇ ಅದಕ್ಕೆ ಕಾರಣ ಎಂಬುದು ನನ್ನ ತೀರ್ಮಾನ. ಅವರ ಮುಂದಿನ ಕೆಲಸವೆಲ್ಲ ಇದೇ ದಿಕ್ಕಿಗೆ ತಿರುಗಿದ್ದನ್ನು ನೋಡಿದರೆ ಅವರೂ ಹೀಗೇ ಅಂದುಕೊಂಡಿದ್ದರೆಂದು ತೋರುತ್ತದೆ.

ಏಕೆಂದರೆ ನಾಲ್ಕೈದು ವರ್ಷದಲ್ಲೇ, ಇಂದಿನ ಘಾನಾಕ್ಕೆ ವಿಶ್ವಸಂಸ್ಥೆಯ ಪರವಾಗಿ ಹೋದ ಮೂವರ ತಂಡದಲ್ಲಿ ಅವರೂ ಒಬ್ಬರಾಗಿ, ಕಾರ್ಖಾನೆಗೆ ನೇರ ವಿರುದ್ಧವಾದ ಸಲಹೆ ಕೊಟ್ಟರು. ಅಲ್ಲಿನ ಹಳ್ಳಿಗರು ಮಣ್ಣಿನ ಗೋಡೆಯನ್ನು ತಾವೇ ಎಬ್ಬಿಸಬಲ್ಲರು. ಅವರ ಕೈಗೆ ಎಟುಕದ್ದು ಸೂರು. ಹಾಗಾದರೆ ಸರ್ಕಾರ ಇಡೀ ಮನೆ ಕಟ್ಟಿಕೊಡಲು ಹೋಗುವುದು ಬೇಡ. ಗೋಡೆ ಎಬ್ಬಿಸಿದವರಿಗೆ ಸೂರಿಗಷ್ಟೇ ಸಾಲ ಕೊಡಲಿ, ತೀರಿಬಂದ ಹಣ ಪಕ್ಕದವರ ಸೂರಿಗೆ ಹೋಗಲಿ. ಇದು ಸೂರು ಸಾಲ ಯೋಜನೆ ಎಂದು ವಸತಿ ತಜ್ಞರ ನಡುವೆ ಪ್ರಸಿದ್ಧವಾಯಿತು. 1964ರಲ್ಲಿ ಅವರು ಬರೆದ ಲೇಖನವೊಂದು, ಯೋಜನೆ ಎನ್ನುವುದು ಒಮ್ಮೆ ಮಾಡಿ ಮುಗಿಸುವ ನಕ್ಷೆಯಲ್ಲ, ಒಂದು ಹೆಜ್ಜೆ ಇಟ್ಟು, ಏನಾಯಿತೆಂದು ನೋಡಿ, ತಿದ್ದಿಕೊಂಡು ಮುಂದಿನ ಹೆಜ್ಜೆ ಇಡುವ ಕೆಲಸ ಎಂಬ ವಾದವನ್ನು ಮುಂದಿಟ್ಟಿತು. ಸಿಂಗಪುರಕ್ಕೆ 1963ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಕೊಟ್ಟ ಸಲಹೆಯ ಹಿಂದೆಯೂ ಈ ವಿಚಾರವಿತ್ತು. ಲಂಡನ್‌ನಲ್ಲಿ ಅವರು ನಡೆಸಿದ ಉಷ್ಣವಲಯ ವಾಸ್ತುಶಿಲ್ಪದ ವಿಭಾಗಕ್ಕೆ ಏಷ್ಯಾ, ಆಫ್ರಿಕಾಗಳಿಂದ ಬಂದು ಕಲಿತವರು ತಮ್ಮ ತಮ್ಮ ದೇಶಕ್ಕೆ ಮರಳಿ ಸರ್ಕಾರಿ ಕಚೇರಿಗಳಲ್ಲಿ ಕೂತರು. 1999ರಲ್ಲಿ ತೀರಿಕೊಂಡ ಕೋನಿಗ್ಸ್‌ಬರ್ಗರ್ ಬಿಟ್ಟುಹೋದ ಕಟ್ಟಡಗಳು ಕಡಿಮೆ. ಕಟ್ಟಡಗಳನ್ನು ಹೇಗೆ ನಿರ್ಧರಿಸಬೇಕು ಎಂಬ ಪದ್ಧತಿಗಳು ಹೆಚ್ಚು.

ಅಂಥ ಪದ್ಧತಿಗಳಲ್ಲಿ ಒಂದು, ಮೂವರು ಸಹಲೇಖಕರ ಜೊತೆ ಅವರು 1974ರಲ್ಲಿ ಹೊರತಂದ ಉಷ್ಣವಲಯದ ಮನೆಗಳ ಕೈಪಿಡಿಯಲ್ಲಿದೆ. ನಮ್ಮ ಅನೇಕ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಇವತ್ತೂ ಅದು ಪಠ್ಯ. ಊರಿನ ತಿಂಗಳವಾರು ಉಷ್ಣತೆ, ತೇವ, ಮಳೆ, ಗಾಳಿಯನ್ನು ಕೋಷ್ಟಕದಲ್ಲಿ ತುಂಬಿದರೆ ಮನೆಯ ಉದ್ದ ಯಾವ ದಿಕ್ಕಿಗಿರಬೇಕು, ಗೋಡೆ ದಪ್ಪವಿರಬೇಕೋ ತೆಳುವೋ, ಕಿಟಕಿ ಎಷ್ಟು ಎಂಬ ಉತ್ತರ ಬರುತ್ತದೆ. ಶಾಗ್ಯವನ್ನೇ ತೆಗೆದುಕೊಳ್ಳೋಣ. ಈ ಊರಿರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಇಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ಲುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟ್ ಮೂರನೇ ವಾರದ ಹೊತ್ತಿಗೊಮ್ಮೆ. ಹಾಗಾಗಿ ಅತಿ ಹೆಚ್ಚು ಬಿಸಿಲು ಕುಡಿಯುವುದು ಸೂರು, ಅದರ ನಂತರ ಪೂರ್ವ, ಪಶ್ಚಿಮದ ಗೋಡೆ. ದಕ್ಷಿಣದ ಗೋಡೆಯನ್ನು ಕಾಯುವುದು ಸುಲಭ: ಡಿಸೆಂಬರಿನ ನಡುಹಗಲಲ್ಲೂ ಸೂರ್ಯ 54 ಡಿಗ್ರಿಗಿಂತ ಎತ್ತರದಲ್ಲೇ ಇರುತ್ತಾನಾದ್ದರಿಂದ ಎರಡು ಅಡಿಯ ಸಜ್ಜಾ ಎರಡೂಮುಕ್ಕಾಲು ಅಡಿ ಕೆಳಗಿನವರೆಗೆ ನೆರಳು ಕೊಡುತ್ತದೆ. ಪಶ್ಚಿಮಕ್ಕೆ ಯಾವ ಸಜ್ಜಾ ಇಟ್ಟರೂ ಸಂಜೆಯ ಓರೆ ಬಿಸಿಲು ಒಳನುಗ್ಗುತ್ತದೆ. ಅಲ್ಲಿ ಬೇಕಾದದ್ದು ಜಗುಲಿ, ದನದ ಕೊಟ್ಟಿಗೆ ಅಥವಾ ಹೊಂಗೆ ಮರ. ಇನ್ನು ಮನೆಯ ಉದ್ದ ಯಾವ ದಿಕ್ಕಿಗೆ ಎನ್ನುವುದು ಮನೆ ಕಟ್ಟುವವರ ಕೈಯಲ್ಲೇ ಇರುವುದಿಲ್ಲ. ಆಶ್ರಯ ನಿವೇಶನಗಳಿಗೆ ಬಡಾವಣೆ ಗೆರೆ ಎಳೆದ ದಿನವೇ ಅದು ತೀರ್ಮಾನವಾಗಿಬಿಡುತ್ತದೆ. 20 ಅಡಿ ಅಗಲ, 30 ಅಡಿ ಆಳದ ಸೈಟುಗಳಲ್ಲಿ ಮನೆಗಳು ಬಿಡಿಬಿಡಿಯಾಗಿ ನಿಲ್ಲುವುದಾದರೆ ರಸ್ತೆ ಉತ್ತರ-ದಕ್ಷಿಣವಾಗಿ ಹೋಗಬೇಕು, ಆಗ ಉದ್ದದ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಬರುತ್ತವೆ. ಮನೆಗಳು ಗೋಡೆಗೆ ಗೋಡೆ ಅಂಟಿ ಸಾಲಾಗಿ ಬರುವುದಾದರೆ ಲೆಕ್ಕ ತಿರುಗುಮುರುಗು. ಬಯಲಿಗೆ ಬೀಳುವುದು ಮುಂದಿನ, ಹಿಂದಿನ ಗೋಡೆ ಮಾತ್ರ, ಆದ್ದರಿಂದ ರಸ್ತೆ ಪೂರ್ವ-ಪಶ್ಚಿಮವಾಗಿ ಹೋಗಬೇಕು. ಒಂದು ಗೆರೆಯ ತಪ್ಪು ನೂರು ಮನೆಗೆ ಐವತ್ತು ವರ್ಷ ಸೆಕೆ ಕೊಡುತ್ತದೆ. ಗೆರೆ ಎಳೆಯುವ ಸರ್ವೆಯವರಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿಲ್ಲ, ಕೇಳಬೇಕಾದ ಹುದ್ದೆಯೂ ಇಲ್ಲ.

ಕೈಪಿಡಿ ಬಂದ 1974ರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಪ್ರಯೋಗದ ಹಳ್ಳಿ. ಅಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಊರ ಮಣ್ಣಿಗೆ ಶೇ 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿ, ಸುಡದೆಯೇ ಗೋಡೆಗೆ ಒದಗುವ ಮಣ್ಣಿನ ಬ್ಲಾಕನ್ನು ರೂಢಿಗೆ ತಂದರು. ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಒಂದು ಘನ ಮೀಟರ್ ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಇಂಧನ 2,141 ಮೆಗಾಜೂಲ್. ಶೇ 6ರ ಸಿಮೆಂಟಿನ ಮಣ್ಣಿನ ಬ್ಲಾಕಿನ ಗೋಡೆಗೆ 646. ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಈ ಅಂಕಿಯನ್ನು ಮಣ್ಣಿನ ಮನೆಯ ಪರ ಇರುವವರು ಆಗಾಗ ಹೇಳುತ್ತಾರೆ. ಅದೇ ಪಟ್ಟಿಯ ಇನ್ನೊಂದು ಸಾಲನ್ನೂ ಹೇಳಬೇಕು: ಶೇ 7ರ ಸಿಮೆಂಟಿನ ಟೊಳ್ಳು ಕಾಂಕ್ರೀಟ್ ಬ್ಲಾಕಿಗೆ 819, ಶೇ 8ರ ಸಿಮೆಂಟಿನ ಮಣ್ಣಿನ ಬ್ಲಾಕಿಗೆ 810. ಎರಡಕ್ಕೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಇಂದು ಹನೂರು ಕಡೆ ಗೋಡೆ ಏಳುತ್ತಿರುವುದು ಸಿಮೆಂಟ್ ಬ್ಲಾಕಿನಲ್ಲಿ. ಆದ್ದರಿಂದ ಇಂಧನದ ಲೆಕ್ಕವೊಂದನ್ನೇ ಹಿಡಿದು ಮಣ್ಣಿನ ಪರ ವಾದಿಸಿದರೆ ವಾದ ನಿಲ್ಲುವುದಿಲ್ಲ. ಮಣ್ಣಿನ ಬ್ಲಾಕಿನ ಬಲ ಬೇರೆ ಕಡೆ ಇದೆ. ಜಲ್ಲಿ, ಎಂ-ಸ್ಯಾಂಡು ತರುವ ಟಿಪ್ಪರಿನ ಬಾಡಿಗೆ ಊರಿನ ಕೂಲಿಯಾಗಿ ಊರಲ್ಲೇ ಉಳಿಯುತ್ತದೆ, ಪಾಯ ತೋಡಿದ ಮಣ್ಣೇ ಗೋಡೆಯಾಗುತ್ತದೆ. ಕಟ್ಟಡವನ್ನು ಇಡಿಯಾಗಿ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟ: ಕಾಂಕ್ರೀಟ್ ಕಂಬ-ತೊಲೆಗಳ ಬಹುಮಹಡಿ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೂಲ್, ಇಟ್ಟಿಗೆ ಗೋಡೆಯ ತಾರಸಿ ಮನೆಗೆ 2.92, ಮಣ್ಣಿನ ಬ್ಲಾಕಿನ ಗೋಡೆಯ ಜೊತೆಗೆ ಕಾಂಕ್ರೀಟ್ ಉಳಿಸುವ ಫಿಲ್ಲರ್ ತಾರಸಿಯನ್ನೂ ಹಾಕಿದರೆ 1.61. ಗೋಡೆಯೂ ಸೂರೂ ಸೇರಿ ಬದಲಾದಾಗ ಸಿಗುವ ಲಾಭ ಇದು; ಎರಡನ್ನೂ ಒಟ್ಟಿಗೆ ನೋಡುವ ಕಣ್ಣು ಯಾರದಾದರೂ ಇರಬೇಕಲ್ಲ.

ಉಂಗ್ರದ ಜ್ಞಾನ ಬೆಂಗಳೂರಿನಲ್ಲಿ ಬೇರೂರಿದ್ದಕ್ಕೆ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅವರ ಕೆಲಸ ಒಂದು ಉದಾಹರಣೆ. ಅಹಮದಾಬಾದಿನಲ್ಲಿ ಓದಿ 1990ರ ದಶಕದ ಆರಂಭದಲ್ಲಿ ಇಲ್ಲಿ ವೃತ್ತಿ ಶುರುಮಾಡಿದ ಅವರು ವಿದ್ಯಾರಣ್ಯಪುರದ ತಮ್ಮ ಮನೆಯನ್ನು ನೆಲಮಾಳಿಗೆಗೆ ಅಗೆದ ಮಣ್ಣಿನಿಂದಲೇ ಕಟ್ಟಿಸಿದರು. ಆಮೇಲೆ ನೂರಾರು ಮನೆಗಳು ಆ ಜಾಡಿನಲ್ಲಿ ಬಂದವು. ಆ ಮನೆಗಳಿಗಿಂತ ಹೆಚ್ಚು ದೂರ ಹೋದದ್ದು ಅವುಗಳ ಜೊತೆಗೆ ಬೆಳೆದ ನೀರಿನ ಕೆಲಸ. ಅವರ ಪತಿ ಎಸ್. ವಿಶ್ವನಾಥ್ ಮತ್ತಿತರರು ವರ್ಷಗಟ್ಟಲೆ ಮಾಡಿ ತೋರಿಸಿ, ಬರೆದು, ಅಧಿಕಾರಿಗಳ ಬೆನ್ನುಬಿದ್ದ ಮಳೆ ನೀರಿನ ಸಂಗ್ರಹ 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ಸೇರಿತು. 30-40ರ ಸೈಟಿನಲ್ಲಿ ಹೊಸ ಮನೆ ಕಟ್ಟುವವರೂ ಅದನ್ನು ಮಾಡಬೇಕಾಯಿತು. ಇಂಗು ಬಾವಿಗಳ ಕೆಲಸ ಪರಂಪರೆಯಿಂದ ಬಾವಿ ತೋಡಿಕೊಂಡು ಬಂದ ಮಣ್ಣು ವಡ್ಡರಿಗೆ ಮತ್ತೆ ಕೂಲಿ ತಂದಿತು. ಕಾಯ್ದೆಯ ಜಾರಿ ಪರಿಪೂರ್ಣವಾಗಿಲ್ಲ. ಆದರೂ ಕೆಲವರ ಅಭಿರುಚಿಯಾಗಿದ್ದದ್ದು ಊರಿನ ನಿಯಮವಾಯಿತು. ಹನೂರಿಗೆ ಇದೇ ಲೆಕ್ಕ ಹಾಕಿದರೆ, ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆಯಲ್ಲಿ 25 ಚದರ ಮೀಟರ್ ಸೂರಿನ ಮೇಲೆ ಬೀಳುವ ನೀರು 18,000 ಲೀಟರ್ ಮೀರುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರುಗಳಿಗೆ ಇದು ಸಣ್ಣ ನೀರಲ್ಲ.

25 ಚದರ ಮೀಟರ್ ಎಂದದ್ದಕ್ಕೆ ಕಾರಣವಿದೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಯ ಕನಿಷ್ಠ ಅಳತೆ ಅದು. ಬಯಲು ಸೀಮೆಯಲ್ಲಿ ಸಹಾಯಧನ 1.20 ಲಕ್ಷ ರೂಪಾಯಿ ಎಂದು ಗೊತ್ತುಮಾಡಿದ್ದರು, ಜೊತೆಗೆ ಉದ್ಯೋಗ ಖಾತರಿಯಲ್ಲಿ 90 ದಿನದ ಕೂಲಿ. ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ ಯೋಜನೆಗಳೂ ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಇಂಥವೇ ಮನೆಗಳಿಗೆ ಹಣ ಕೊಡುತ್ತವೆ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಕ್ಕೊಂದು ಜಿಪಿಎಸ್ ಫೋಟೊ ತೆಗೆದು ಕಳಿಸಿದರೆ ಕಂತು ಬಿಡುಗಡೆ. ಹಣ ಸೋರದಂತೆ ತಡೆಯಲು ಇದು ಒಳ್ಳೆಯ ವ್ಯವಸ್ಥೆ, ಸಂದೇಹವಿಲ್ಲ. ಆದರೆ ಫೋಟೊ ನೋಡುವವರು ಗೋಡೆ ಎದ್ದಿದೆಯೇ ಎಂದು ನೋಡುತ್ತಾರೆ. ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ ಎಂದು ನೋಡುವ ಕಾಲಂ ಅದರಲ್ಲಿಲ್ಲ. ಮಣ್ಣಿನ ಗೋಡೆ ಎಂದರೆ ಕಚ್ಚಾ ಮನೆ ಎಂಬ ಪಟ್ಟಿಗೆ ಹೋಗುತ್ತದೆ, ಅಂದರೆ ಸರಿಪಡಿಸಬೇಕಾದ ಕೊರತೆಯ ಲೆಕ್ಕಕ್ಕೆ. ಇಂಥ ಮನೆಗಳನ್ನು ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಕಟ್ಟುವುದನ್ನು ಕಲಿಸಲೆಂದೇ ಹುಟ್ಟಿದ ಸಂಸ್ಥೆ ಒಂದಿತ್ತು. 1980ರ ದಶಕದ ನಡುವೆ ಕೇರಳದ ಕೊಲ್ಲಂನಲ್ಲಿ, ನೆರೆಯ ನಂತರ, ಕಡಿಮೆ ಖರ್ಚಿನ ಕಟ್ಟಡ ಸಾಮಗ್ರಿ ಮಾಡಲು, ಮೇಸ್ತ್ರಿಗಳಿಗೆ ತರಬೇತಿ ಕೊಡಲು ಶುರುವಾದ ನಿರ್ಮಿತಿ ಕೇಂದ್ರ ದೇಶಕ್ಕೆಲ್ಲ ಹಬ್ಬಿತು, ನಮ್ಮ ಜಿಲ್ಲೆಗಳಿಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಬಂತು. ಇಂದು ಜನಕ್ಕೆ ಅದು ಸರ್ಕಾರಿ ಕಟ್ಟಡ ಕಟ್ಟಿಕೊಡುವ ಸಂಸ್ಥೆಯಾಗಿಯೇ ಪರಿಚಯ. ಮೇಸ್ತ್ರಿಗೆ ಕಲಿಸುವ ಮೂಲ ಕೆಲಸ ಹಿಂದಕ್ಕೆ ಸರಿದದ್ದು ದೊಡ್ಡ ನಷ್ಟ.

ಜನಕ್ಕೇ ತಾರಸಿ ಮನೆ ಬೇಕು, ಮಣ್ಣಿನ ಮನೆಯನ್ನು ಅವರ ಮೇಲೆ ಹೇರುವುದು ಓದಿದವರ ಹುಚ್ಚು ಎಂಬ ಆಕ್ಷೇಪ ಬರುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ಮಳೆಗಾಲಕ್ಕೊಮ್ಮೆ ಕುಸಿಯುವ ಗೋಡೆ, ಸೋರುವ ನಾಡಹೆಂಚು, ಚೇಳಿನ ಭಯ ಇವುಗಳಲ್ಲಿ ತಲೆಮಾರು ಕಳೆದವರಿಗೆ ಕಾಂಕ್ರೀಟ್ ಸೂರು ಎಂದರೆ ಮರ್ಯಾದೆ. ಮೇಲುಕೇರಿಯವರಿಗೆ ಮಾತ್ರ ಇದ್ದ ಗಟ್ಟಿ ಮನೆ ತಮಗೂ ಬೇಕು ಎನ್ನುವುದು ನ್ಯಾಯದ ಬೇಡಿಕೆ. ಅದಕ್ಕೆ ನನ್ನ ಉತ್ತರ ಇಷ್ಟೇ: ನಾನು ಕೇಳುತ್ತಿರುವುದು ಮಣ್ಣನ್ನಲ್ಲ, ನಕ್ಷೆಯನ್ನು ನೋಡುವ ಒಬ್ಬರನ್ನು. ತಾರಸಿಯೇ ಇರಲಿ, ಅದರ ಮೇಲೆ ವರ್ಷಕ್ಕೊಮ್ಮೆ ಬಿಳಿ ಸುಣ್ಣ ಬಳಿದರೆ, ಪಶ್ಚಿಮಕ್ಕೆ ಜಗುಲಿ ಬಿಟ್ಟರೆ, ಎದುರು ಗೋಡೆಗೂ ಒಂದು ಕಿಟಕಿ ಇಟ್ಟರೆ ಆ ಮನೆಯ ರಾತ್ರಿ ಬದಲಾಗುತ್ತದೆ. ಮಣ್ಣಿನ ಬ್ಲಾಕು ಬೇಕೆನ್ನುವವರಿಗೆ ಅದು ಕಚ್ಚಾ ಅಲ್ಲ ಎಂದು ಒಪ್ಪುವ ಕಾಗದ ಬೇಕು. ಅದಕ್ಕೆ ಐಎಸ್ 1725 ಎಂಬ ಭಾರತೀಯ ಮಾನಕ ಆಗಲೇ ಇದೆ.

ಬರ್ಲಿನ್‌ನವನೊಬ್ಬ ನಮಗೆ ಮನೆ ಕಟ್ಟಲು ಕಲಿಸಬೇಕೇ ಎಂಬುದು ಮತ್ತೊಂದು ಮಾತು. ಉಷ್ಣವಲಯ ವಾಸ್ತುಶಿಲ್ಪ ಎಂಬ ಕಲ್ಪನೆಯೇ ವಸಾಹತು ಕಾಲದ ಕೂಸು, ಅಕ್ರಾ, ಲಾಗೋಸ್, ಬೆಂಗಳೂರುಗಳನ್ನೆಲ್ಲ ಬರೀ ಬಿಸಿಲಿನ ಹೆಸರಲ್ಲಿ ಒಂದೇ ಎಂದು ಕಂಡಿತು ಎಂಬ ಟೀಕೆ ಇದೆ, ಅದರಲ್ಲಿ ಸತ್ಯವೂ ಇದೆ. ತೊಟ್ಟಿ ಮನೆಯ ನಡುಅಂಗಳ ಏಕಿತ್ತು, ಜಗುಲಿಯಲ್ಲಿ ಯಾರು ಕೂರಬಹುದಿತ್ತು, ಯಾರು ಕೂರುವಂತಿರಲಿಲ್ಲ ಎಂಬುದನ್ನು ಉಷ್ಣತೆಯ ಕೋಷ್ಟಕ ಹೇಳಲಾರದು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಸೋಲಿಗರ ಪೋಡಿನಲ್ಲಿ ಮನೆಗೂ ಕಾಡಿಗೂ ಇರುವ ನಂಟನ್ನು ಅದು ಅಳೆಯಲಾರದು. ಆದರೆ ಇದೇ ಕಾರಣಕ್ಕೆ ತಾಲ್ಲೂಕಿನಲ್ಲೇ ಒಬ್ಬರು ಬೇಕು ಎನ್ನುವುದು. ದೆಹಲಿಯಲ್ಲೋ ಬೆಂಗಳೂರಿನಲ್ಲೋ ಕೂತು ಮಾಡಿದ ಒಂದೇ ನಕ್ಷೆ ಬಯಲಿನ ಶಾಗ್ಯಕ್ಕೂ ಬೆಟ್ಟದ ಪೋಡಿಗೂ ಒಪ್ಪದು. ಕೋನಿಗ್ಸ್‌ಬರ್ಗರ್ ತಮ್ಮ ಕಾರ್ಖಾನೆಯ ಯೋಜನೆ ಮುರಿದುಬಿದ್ದ ಮೇಲೆ ಮುಟ್ಟಿದ ತೀರ್ಮಾನವೂ ಅದೇ ದಾರಿಯದು.

ಇನ್ನು ಖರ್ಚು. ತಾಲ್ಲೂಕಿಗೊಬ್ಬ ವಾಸ್ತುಶಿಲ್ಪಿಯ ಸಂಬಳ ಎಲ್ಲಿಂದ ಬರಬೇಕು, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವರು ಇರುವಾಗ ಇನ್ನೊಬ್ಬರೇಕೆ ಎಂದು ಕೇಳಬಹುದು. ಎಂಜಿನಿಯರ್‌ಗಳ ಹೆಗಲ ಮೇಲೆ ರಸ್ತೆ, ಚರಂಡಿ, ಶಾಲೆ ಕೊಠಡಿ, ಬಿಲ್ಲುಗಳ ಹೊರೆ ಈಗಾಗಲೇ ಇದೆ. ಅವರಿಂದ ಇದನ್ನೂ ಬಯಸುವುದು ಅನ್ಯಾಯ. ನೂರು ಮನೆಗೆ 1.20 ಲಕ್ಷದಂತೆ 1.2 ಕೋಟಿ ರೂಪಾಯಿ ಸಾರ್ವಜನಿಕ ಹಣ ಹೋಗುವ ಕಡೆ ಅದರ ಶೇ 1 ಎಂದರೆ 1.2 ಲಕ್ಷ. ಹನೂರು, ಕೊಳ್ಳೇಗಾಲ, ಯಳಂದೂರು ಮೂರಕ್ಕೂ ಸೇರಿ ಮೊದಲಿಗೆ ಒಬ್ಬರು ಸಾಕು. ಜಿಲ್ಲಾ ಪಂಚಾಯಿತಿಯ ನಿರ್ಣಯದಿಂದ, ಗುತ್ತಿಗೆಯ ಮೇಲಾದರೂ, ಇದನ್ನು ಶುರುಮಾಡಬಹುದು. ಆ ವ್ಯಕ್ತಿ ಮಾಡಬೇಕಾದ ಮೊದಲ ಕೆಲಸ ಹೊಸ ಬಡಾವಣೆಯ ನಕ್ಷೆಗೆ ಗ್ರಾಮ ಪಂಚಾಯಿತಿ ಒಪ್ಪಿಗೆ ಕೊಡುವ ಮುನ್ನ ರಸ್ತೆಯ ದಿಕ್ಕನ್ನು ನೋಡಿ ಸಹಿ ಹಾಕುವುದು. ಆಮೇಲೆ ನಿರ್ಮಿತಿ ಕೇಂದ್ರದ ಅಂಗಳದಲ್ಲಿ ಊರಿನ ಮೇಸ್ತ್ರಿಗಳಿಗೆ ಫಿಲ್ಲರ್ ತಾರಸಿಯ ಸೆಂಟ್ರಿಂಗ್ ಹೊಡೆದು ತೋರಿಸುವುದು. ಅದರ ದರ ಇಲಾಖೆಯ ದರಪಟ್ಟಿಗೆ ಸೇರುವಂತೆ ಪಟ್ಟು ಹಿಡಿಯುವುದು, ಏಕೆಂದರೆ ದರಪಟ್ಟಿಯಲ್ಲಿಲ್ಲದ ಕೆಲಸಕ್ಕೆ ಬಿಲ್ ಆಗುವುದಿಲ್ಲ, ಬಿಲ್ ಆಗದ ಕೆಲಸವನ್ನು ಯಾವ ಮೇಸ್ತ್ರಿಯೂ ಮುಟ್ಟುವುದಿಲ್ಲ. ಕಂತುಗಳ ವಿಷಯದಲ್ಲಿ ಘಾನಾದ ಪಾಠವನ್ನೇ ಇಲ್ಲಿ ಪರೀಕ್ಷಿಸಬಹುದು. ಗೋಡೆ ಎದ್ದು, ಕಬ್ಬಿಣ, ಸಿಮೆಂಟ್‌ಗೆ ಹಣವಿಲ್ಲದೆ ಛಾವಣಿ ಹಂತದಲ್ಲಿ ನಿಂತುಹೋದ ಮನೆಗಳು ಯಾವ ತಾಲ್ಲೂಕಿಗೂ ಹೊಸವಲ್ಲ. ಅಂಥ ಮನೆಗಳಿಗೆ ಸೂರಿನ ಕಂತನ್ನು ಮುಂಗಡವಾಗಿ, ಉಳಿದವುಗಳಿಗಿಂತ ದೊಡ್ಡದಾಗಿ ಕೊಡುವ ಪ್ರಯೋಗವನ್ನು ಒಂದು ಗ್ರಾಮ ಪಂಚಾಯಿತಿಯಲ್ಲಿ ಒಂದು ವರ್ಷ ಮಾಡಿ ನೋಡಲು ಜಿಲ್ಲಾ ಪಂಚಾಯಿತಿ ವಸತಿ ನಿಗಮದ ಅನುಮತಿ ಕೇಳಬೇಕು. ಶಾಗ್ಯದಿಂದಲೇ ಶುರುವಾಗಲಿ. ಮುಂದಿನ ಫಲಾನುಭವಿಗಳ ಪಟ್ಟಿ ಗ್ರಾಮಸಭೆಯ ಮುಂದೆ ಬರುವ ದಿನವೇ ಈ ಬೇಡಿಕೆಯನ್ನೂ ಅಲ್ಲಿ ನಡಾವಳಿಗೆ ಬರೆಸಬಹುದು.